ಅಜ್ಜಿ ಊದಿದರೆ

“ಒಂದೇ ಸಲಕ್ಕೆ ಊದ್ಬೇಕು ಅಜ್ಜಿ. ಫೋರ್ಸಾಗಿ,” ಎಂದು ನರ್ಸಮ್ಮ ಮತ್ತೆ ಹೇಳಿದರು.

ದೊಡ್ಡಮುನಿಯಮ್ಮ ಮೆಷಿನ್ನಿನ ಕೊಳವೆಯನ್ನು ಬಾಯಿಗಿಟ್ಟುಕೊಂಡು ಮೆಲ್ಲಗೆ, ಉದ್ದಕ್ಕೆ ಊದಿದರು. ಕಂಪ್ಯೂಟರಿನಲ್ಲಿ ಗೆರೆ ಮೇಲೇಳಲು ಮನಸ್ಸಿಲ್ಲದೆ ಮಲಗಿಬಿಟ್ಟಿತು.

“ಬೆಂಕಿಗೆ ಇಂಗೇ ಊದಾದು ಕಣಮ್ಮ. ಜೋರಾಗ್ ಊದುದ್ರೆ ಬೂದಿ ಕಣ್ಣಿಗ್ ಬೀಳ್ತದೆ,” ಎಂದರು.

ಪಕ್ಕದಲ್ಲಿದ್ದ ಮೊಮ್ಮಗಳು ಶಿಲ್ಪ ತಲೆ ತಗ್ಗಿಸಿದಳು. ಕಾರಣ, ಬಾಗಿಲಲ್ಲಿ ನಿಂತಿದ್ದ ಫರ್ಹೀನ್. ಐದನೇ ಕ್ಲಾಸಿನಲ್ಲಿ ಶಿಲ್ಪಳ ಪಕ್ಕವೇ ಕೂರುವ ಹುಡುಗಿ. ಅವಳ ರೈಟಿಂಗ್ ಚೆಂದ, ಜಡೆ ಉದ್ದ, ಡಬ್ಬಿಯಲ್ಲಿ ಸೇಮಿಯಾ. ಇಷ್ಟನ್ನೂ ಶಿಲ್ಪ ಹೇಗೋ ಸಹಿಸಿಕೊಂಡಿದ್ದಳು.

ಕೋಗಿಲು ಊರಿನ ತಮ್ಮ ಸ್ಕೂಲಿನಲ್ಲೇ ದೊಡ್ಡವರ ಉಸಿರು ಪರೀಕ್ಷೆ ಮಾಡುವ ಕ್ಯಾಂಪ್ ಎಂದಾಗ ಶಿಲ್ಪ ಅದನ್ನು ರನ್ನಿಂಗ್ ರೇಸ್ ಥರ ಎಂದುಕೊಂಡಿದ್ದಳು. ಹುಟ್ಟಿದಾಗಿನಿಂದ ಒಲೆ ಊದಿದ ತನ್ನಜ್ಜಿಯೇ ಫಸ್ಟ್. ಅಜ್ಜಿ ಊದಿದರೆ ಇಲ್ಲಿನ ಕೆಂಡ ಯಲಹಂಕದಲ್ಲಿ ಹತ್ತಿಕೊಳ್ಳುತ್ತದೆ, ಒಮ್ಮೆ ಏರೋಪ್ಲೇನೇ ವಾಲಿತ್ತು ಎಂದು ಕ್ಲಾಸಿಗೆಲ್ಲ ಹೇಳಿದ್ದಳು. ನಂಬದಿರಲು ಯಾರಿಗೂ ಕಾರಣವಿರಲಿಲ್ಲ. ಏರೋಪ್ಲೇನುಗಳು ಅಲ್ಲಿ ವಾಲಿಕೊಂಡೇ ಹೋಗುತ್ತಿದ್ದವು.

ಈಗ ನೋಡಿದರೆ ಫರ್ಹೀನಳ ಅಜ್ಜಿ ಕುಲ್ಸುಮ್, ಅವಳ ಬಾಯಲ್ಲಿ ‘ದಾದಿ’, ಊದಿದ್ದಕ್ಕೆ ಗೆರೆ ಬೆಟ್ಟ ಹತ್ತಿತ್ತು. ಗಾಳಿ ಬೀಸಿದರೆ ಸೆರಗಿನ ಸಮೇತ ಹಾರಿಹೋಗುವಂಥ ದಾದಿ! ನರ್ಸಮ್ಮ ‘ವೆರಿ ಗುಡ್’ ಅಂದದ್ದನ್ನು ಫರ್ಹೀನ್ ಗೇಟಿನವರೆಗೂ ಹೋಗಿ ಹೇಳಿ ಬಂದಿದ್ದಳು. ಇದನ್ನು ಮಾತ್ರ ಶಿಲ್ಪಳಿಗೆ ಸಹಿಸಲಾಗಲಿಲ್ಲ.

ಡಾಕ್ಟರು ಬಂದು ತಾವೇ ಊದಿ ತೋರಿಸಿದರು. ಈ ಸಲ ಅಜ್ಜಿ ಸರಿಯಾಗೇ ಊದಿದರು. ಕೆಮ್ಮು ಬಂತು, ಗೆರೆ ಮಾತ್ರ ಏಳಲಿಲ್ಲ. ಬೀಡಿ ಸೇದುತ್ತೀರಾ ಎಂದು ಡಾಕ್ಟರು ಕೇಳಿದರು. ಇಲ್ಲ. ಸೌದೆ ಒಲೆಯಾ? ಗ್ಯಾಸು ಬಂದದ್ದು ಮೊನ್ನೆಮೊನ್ನೆ, ಸ್ನಾನದ ಹಂಡೆಗೆ ಈಗಲೂ ಸೌದೆಯೇ ಎಂದರು ಅಜ್ಜಿ. ಈ ಕಡೆ ಬಹಳ ಜನಕ್ಕೆ ಹೀಗಾಗಿದೆ, ವರ್ಷಗಟ್ಟಲೆ ಹೊಗೆ ಕುಡಿದು ಶ್ವಾಸಕೋಶ ಸೋತಿದೆ, ಆಸ್ಪತ್ರೆಗೆ ಬನ್ನಿ, ಔಷಧಿ ಇದೆ ಎಂದರು ಡಾಕ್ಟರು.

“ನಿಮ್ಮಜ್ಜಿ ಏರೋಪ್ಲೇನ್ ತಳ್ಳಿದ್ರು ಅಂದಿದ್ದೆ,” ಎಂದಳು ಫರ್ಹೀನ್.

“ಇವತ್ತು ಅವ್ರಿಗೆ ಮೂಡ್ ಇಲ್ಲ ಕಣೇ.”

ದಾರಿಯಲ್ಲಿ ಶಿಲ್ಪ ಬೇಕೆಂದೇ ಮುಂದೆ ಮುಂದೆ ನಡೆದಳು. ಅಜ್ಜಿ ಎಂದಿನಂತೆ ಬೈರಮ್ಮನ ಜಗಲಿಯ ಹತ್ತಿರ ನಿಂತು, ಅಳಿಯ ಬಂದಿದ್ನಾ ಎಂದು ಕೇಳಿದರು. ಪ್ರತಿ ಮನೆ ಮುಂದೂ ಅಜ್ಜಿಗೆ ಇದೇ ಹರಟೆ. ಅಷ್ಟರಲ್ಲಿ ಫರ್ಹೀನ್ ಮತ್ತು ದಾದಿ ಎಲ್ಲೂ ನಿಲ್ಲದೆ ಸರಸರ ಅವರನ್ನು ದಾಟಿ ಹೋದರು.

ಶಿಲ್ಪ ಕೈ ಹಿಡಿದು ಎಳೆಯಲೆಂದೇ ವಾಪಸು ಬಂದಳು.

ಬೈರಮ್ಮ ಅಳಿಯನ ಕತೆ ಹೇಳುತ್ತಿದ್ದರು. ಅಜ್ಜಿ ಒಂದು ಮಾತೂ ಆಡುತ್ತಿರಲಿಲ್ಲ. ಕಂಬ ಹಿಡಿದುಕೊಂಡು, ಬಾಯಿ ಅರ್ಧ ತೆರೆದು, ಬರೀ ತಲೆಯಾಡಿಸುತ್ತಿದ್ದರು. ಅವರ ಭುಜ ಏರುತ್ತಿತ್ತು, ಇಳಿಯುತ್ತಿತ್ತು.

ಅಜ್ಜಿ ಯಾವ ಮನೆ ಮುಂದೆ ನಿಂತರೂ ಒಂದು ಪ್ರಶ್ನೆ ಕೇಳಿ ಸುಮ್ಮನಾಗುತ್ತಿದ್ದರು. ಅದು ಯಾಕೆಂದು ಶಿಲ್ಪಳಿಗೆ ಈಗ ಹೊಳೆಯಿತು.

ದೂರದಲ್ಲಿ ದಾದಿ ಅದೇ ಸ್ಪೀಡಿನಲ್ಲಿ ತಿರುವು ದಾಟುತ್ತಿದ್ದರು. ಜಡೆಯಲ್ಲ, ಸೇಮಿಯಾ ಅಲ್ಲ, ಆ ನಡಿಗೆ ತಮ್ಮ ಮನೆಗೆ ಬೇಕಿತ್ತು ಅನ್ನಿಸಿತು ಅವಳಿಗೆ.

“ನೀನೇಳು ಮುನಿಯಮ್ಮ, ಎಲ್ಗೋಗಿದ್ದೆ?” ಎಂದರು ಬೈರಮ್ಮ.

ಅಜ್ಜಿ ಬಾಯಿ ತೆರೆದರು. ಉಸಿರು ಇನ್ನೂ ಬಂದಿರಲಿಲ್ಲ.

ಶಿಲ್ಪ ಜಗಲಿ ಮೇಲೆ ಕೂತಳು. “ಬೈರಜ್ಜಿ, ನಿಮ್ ಮೇಕೆ ಮರಿ ಹಾಕ್ತಂತಲ್ಲ. ಹೇಳಿ,” ಎಂದಳು. “ನಿಧಾನಕ್ಕೆ ಹೇಳಿ. ಮೊದಲಿಂದ.”