ಸರ್ವರ್‌ಗೆ ತಲುಪದ ಪ್ರಶ್ನೆ

ಆ ನರ್ಸ್ ನಮ್ಮ ಮನೆಗೆ ಬಂದಾಗ ನಾನು ಗೋಡೆ ಗಡಿಯಾರವೊಂದನ್ನು ಬಿಚ್ಚಿ ಹರಡಿಕೊಂಡು ಕೂತಿದ್ದೆ. ಕುರ್ಚಿ ಕೊಟ್ಟರೂ ಆಕೆ ಕೂರಲಿಲ್ಲ. "ನಾನು ಸುಳ್ಳು ಹೇಳ್ತಿಲ್ಲ ಅಂತ ಒಬ್ಬರಾದ್ರೂ ನಂಬಬೇಕು ಅಮ್ಮ," ಎಂದು ನನ್ನ ಅಕ್ಕನಿಗೆ ಹೇಳಿದಳು.

ಅಕ್ಕ ಮೂವತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವಳು. ನಿವೃತ್ತಳಾದ ಮೇಲೆ ಊರವರ ಗೋಜಲು ಬಿಡಿಸುವುದೇ ಅವಳ ಕೆಲಸ. ಗಡಿಯಾರ ರಿಪೇರಿಯ ನಡುವೆ ಅವಳ ಹಿಂದೆ ಚೀಲ ಹಿಡಿದು ಓಡಾಡುವುದು ನನ್ನ ಹಣೆಬರಹ.

ನಡೆದದ್ದು ಇಷ್ಟು. ಮೂರು ದಿನದ ಹಿಂದೆ ಆಕೆಯ ವಾರ್ಡಿನ ನಾಲ್ಕನೇ ಬೆಡ್ಡಿನ ಮುದುಕನಿಗೆ ಊಟಕ್ಕೆ ಮುಂಚೆ ಹದಿನಾರು ಯೂನಿಟ್ ಇನ್ಸುಲಿನ್ ಕೊಡಬೇಕಿತ್ತು. ಸ್ಕ್ಯಾನ್ ಇರುವುದರಿಂದ ಅವನಿಗೆ ಊಟವಿಲ್ಲ ಎಂದು ತಿಳಿದ ಡಾಕ್ಟರು ಒಂದೂ ಹತ್ತಕ್ಕೆ ಕಂಪ್ಯೂಟರಿನಲ್ಲಿ ಅದನ್ನು ಆರಕ್ಕೆ ಇಳಿಸಿದರು. ಒಂದೂ ಇಪ್ಪತ್ತಕ್ಕೆ ಈಕೆ ಹದಿನಾರೇ ಕೊಟ್ಟಳು. ಮುದುಕ ಎಚ್ಚರ ತಪ್ಪಿದ. ಸದ್ಯ, ಸಂಜೆಯ ಹೊತ್ತಿಗೆ ಚೇತರಿಸಿಕೊಂಡ.

"ಕೊಡೋ ಮುಂಚೆ ಕಂಪ್ಯೂಟರಲ್ಲಿ ಔಷಧಿ ಪಟ್ಟಿ ನೋಡಿದೆ ಅಮ್ಮ. ಹದಿನಾರು ಅಂತಾನೇ ಇತ್ತು. ಆದ್ರೆ ಆ ಹೊತ್ತಲ್ಲಿ ವಾರ್ಡಿಂದ ಯಾರೂ ಪಟ್ಟಿ ಕೇಳೇ ಇಲ್ಲ ಅಂತ ಸರ್ವರ್ ದಾಖಲೆ ಹೇಳುತ್ತೆ. ನೋಡದೆ ನೆನಪಿಂದ ಕೊಟ್ಟೆ ಅಂತ ಬರೆದಿದ್ದಾರೆ. ನಾಳೆ ಸೂಪರಿಂಟೆಂಡೆಂಟ್ ಸಹಿ ಹಾಕಿದ್ರೆ ನನ್ನ ಲೈಸೆನ್ಸ್ ಹೋಗುತ್ತೆ."

ಹದಿನೈದು ವರ್ಷ ನಿಂತು ದುಡಿದ ಕಾಲುಗಳು ಆಕೆಯವು. ಡಾಕ್ಟರೇ ತಮ್ಮ ತಪ್ಪು ಮುಚ್ಚಲು ಆಮೇಲೆ ತಿದ್ದಿರಬಹುದಲ್ಲ ಎಂದೆ. ಹೊತ್ತು ಬರೆದುಕೊಳ್ಳುವುದು ಸರ್ವರ್, ಡಾಕ್ಟರಲ್ಲ ಎಂದು ಅಕ್ಕ ನನ್ನ ಬಾಯಿ ಮುಚ್ಚಿಸಿದಳು.

ಮರುದಿನ ಬೆಳಿಗ್ಗೆಯೇ ವಾರ್ಡಿಗೆ ಹೋದೆವು. ಮೊದಲು ಗೋಡೆ ಗಡಿಯಾರ ಪರೀಕ್ಷಿಸಿದೆ. ಎರಡು ಸೆಕೆಂಡೂ ಹೆಚ್ಚುಕಡಿಮೆ ಇರಲಿಲ್ಲ. ಅಕ್ಕ ಔಷಧಿ ಪಟ್ಟಿ ತೆರೆಸಿದಳು. ಸರ್ವರ್ ಇದ್ದದ್ದು ಊರಾಚೆಯ ಕಟ್ಟಡದಲ್ಲಿ, ನಡುವಿನ ಲೈನ್ ಹಳೆಯದು. ಪರದೆ ಬೆಳ್ಳಗೆ ನಿಂತಿತು. ಅಕ್ಕ ಮೆಲ್ಲಗೆ ಎಣಿಸುತ್ತ ಇಪ್ಪತ್ತೆರಡಕ್ಕೆ ಬಂದಾಗ ಪಟ್ಟಿ ಕಾಣಿಸಿತು. ಹೋದ ವಾರ ಬೆರಳು ಎತ್ತುವುದರೊಳಗೆ ತೆರೆಯುತ್ತಿತ್ತು, ಈಗ ಮತ್ತೆ ಹಳೇ ರಾಗ ಎಂದು ಇನ್ನೊಬ್ಬ ನರ್ಸ್ ಗೊಣಗಿದಳು.

ನೆಟ್‌ವರ್ಕ್ ನೋಡಿಕೊಳ್ಳುವ ನಡುವಯಸ್ಸಿನವನು ಕೀಲಿಗೊಂಚಲು ಹಿಡಿದು ನಮ್ಮ ಜೊತೆಗಿದ್ದ. ವಾರ್ಡಿನವರೆಲ್ಲ ಅವನನ್ನು ವೈರಣ್ಣ ಎನ್ನುತ್ತಿದ್ದರು. ಅವನ ತಾಯಿ ಕೊನೆಯ ತಿಂಗಳನ್ನು ಕಳೆದದ್ದು ಇದೇ ವಾರ್ಡಿನಲ್ಲಂತೆ. ಅಕ್ಕ ಕೇಳಿದಾಗ ಮೊಗಸಾಲೆಯ ವೈರುಗಳ ಕಪಾಟು ತೆಗೆದು ತೋರಿಸಿದ. ಒಳಗೆಲ್ಲ ಬೆರಳ ದಪ್ಪ ಧೂಳು. ನಡುವಿನ ಹಲಗೆಯ ಮೇಲೆ ಮಾತ್ರ ಒಂದು ಚೌಕ ಶುಭ್ರವಾಗಿತ್ತು, ಪಕ್ಕದಲ್ಲಿ ಎರಡು ವೈರುಗಳು ಯಾವುದಕ್ಕೂ ಸಿಕ್ಕಿಸದೆ ನೇತಾಡುತ್ತಿದ್ದವು. ಅಕ್ಕ ಕಪಾಟು ಮುಚ್ಚಿಸಿದಳು.

ಮಧ್ಯಾಹ್ನ ಸೂಪರಿಂಟೆಂಡೆಂಟರ ಕೋಣೆಯಲ್ಲಿ ಎಲ್ಲರೂ ಸೇರಿದೆವು: ಸೂಪರಿಂಟೆಂಡೆಂಟ್ ಮೇಡಂ, ಡಾಕ್ಟರು, ನರ್ಸ್, ವೈರಣ್ಣ ಮತ್ತು ನಾವಿಬ್ಬರು. ವರದಿಯ ಜೊತೆಗಿದ್ದ ಸರ್ವರಿನ ದಾಖಲೆಯನ್ನು ಅಕ್ಕ ಮೇಜಿನ ಮೇಲೆ ಬಿಡಿಸಿಟ್ಟಳು.

"ಅವತ್ತು ವಾರ್ಡಿಂದ ಪಟ್ಟಿ ಕೇಳಿದ್ದು ಹನ್ನೆರಡೂವರೆಗೆ, ಒಂದಕ್ಕೆ, ಒಂದೂವರೆಗೆ. ಮೂವತ್ತು ಬೆಡ್ಡು, ನಾಲ್ಕು ನರ್ಸು, ಊಟದ ಹೊತ್ತು. ಅರ್ಧ ಗಂಟೆಗೆ ಒಂದೇ ಸಲ ನೋಡಿದ್ರಾ? ಈಕೆ ಸುಳ್ಳು ಹೇಳ್ತಿದ್ರೆ ನಾಲ್ಕೂ ಜನ ಸುಳ್ಳು ಹೇಳ್ತಿರಬೇಕು. ಇಲ್ಲಾ, ಅವರ ಪ್ರಶ್ನೆಗಳಿಗೆ ನಡುವೆ ಯಾರೋ ಉತ್ತರ ಕೊಡ್ತಿರಬೇಕು."

ಆ ನಡುವಿನದು ಒಂದು ಸಣ್ಣ ಪೆಟ್ಟಿಗೆ ಎಂದು ಅಕ್ಕ ವಿವರಿಸಿದಳು. ಮೊದಲ ಸಲ ಕೇಳಿದಾಗ ಅದು ಸರ್ವರಿನಿಂದ ಪಟ್ಟಿ ತಂದು ನಕಲು ಇಟ್ಟುಕೊಳ್ಳುತ್ತದೆ. ಮುಂದಿನ ಅರ್ಧ ಗಂಟೆ ಯಾರು ಕೇಳಿದರೂ ಆ ನಕಲನ್ನೇ ಕೊಡುತ್ತದೆ. ಹೋದ ವಾರ ಪಟ್ಟಿ ಚಕ್ಕನೆ ತೆರೆದದ್ದು ಅದರಿಂದ. ಒಂದಕ್ಕೆ ತಂದ ನಕಲಿನಲ್ಲಿ ಹದಿನಾರು ಇತ್ತು. ಹತ್ತು ನಿಮಿಷದ ಮೇಲೆ ಡಾಕ್ಟರು ತಿದ್ದಿದ್ದು ಪೆಟ್ಟಿಗೆಗೆ ಗೊತ್ತಿಲ್ಲ. ನರ್ಸಿಗೆ ಅದು ತೋರಿಸಿದ್ದು ಹಳೆಯದನ್ನು, ಮತ್ತು ಆಕೆ ಕೇಳಿದ್ದು ಸರ್ವರ್‌ಗೆ ತಲುಪಲೇ ಇಲ್ಲ. ಒಂದೂವರೆಗೆ ಹೊಸ ನಕಲು ಬಂತು. ಆಮೇಲೆ ನೋಡಿದವರಿಗೆಲ್ಲ ಆರು ಕಂಡಿತು.

"ಕಪಾಟಿನ ಧೂಳಲ್ಲಿ ಅದರ ಜಾಗ ಇದೆ, ಪೆಟ್ಟಿಗೆ ಇಲ್ಲ," ಎಂದಳು ಅಕ್ಕ.

ಅದನ್ನು ತೆಗೆದವರು ಯಾರು ಎಂದು ಸೂಪರಿಂಟೆಂಡೆಂಟ್ ಕೇಳಿದರು. ಅಕ್ಕ ಹೆಸರೆತ್ತಲಿಲ್ಲ. ಕಪಾಟಿನ ಕೀಲಿ ಇದ್ದದ್ದು ಒಬ್ಬನ ಹತ್ತಿರ ಮಾತ್ರ, ನಾನೇ ಹೇಳಿಬಿಡಬೇಕು ಎನ್ನುವಷ್ಟರಲ್ಲಿ ಅವಳು ಬೇರೆಯೇ ಮಾತು ತೆಗೆದಳು.

"ನಾನೂ ಹೀಗೆ ಮಾಡಿದವಳೇ. ಎಕ್ಸ್‌ಚೇಂಜಲ್ಲಿ ಲೈನ್ ಕಮ್ಮಿ, ಕೇಳೋರು ಜಾಸ್ತಿ. ಒಂದು ದಿನ ಊರಿನ ಡಾಕ್ಟರು ಮನೇಲಿಲ್ಲ ಅಂತ ಒಬ್ಬರಿಗೆ ಉತ್ತರ ಬಂದಿದ್ದು ಕೇಳಿಸ್ಕೊಂಡೆ. ಆಮೇಲೆ ಕೇಳಿದವರಿಗೆಲ್ಲ ಲೈನ್ ಕೊಡದೆ ನಾನೇ ಇಲ್ಲ ಅಂದೆ. ಬೇಗ ಆಗ್ಲಿ ಅಂತ. ಅಷ್ಟರಲ್ಲಿ ಡಾಕ್ಟರು ಮನೆಗೆ ಬಂದಿದ್ರು. ಒಂದು ಹೆರಿಗೆಗೆ ಅವರು ಸಿಗಲಿಲ್ಲ, ಮಗು ಉಳೀಲಿಲ್ಲ. ಪಕ್ಕದ ಸೀಟಿನವಳ ಮೇಲೆ ತಪ್ಪು ಹೊರಿಸಿದ್ರು. ನಾನು ಬಾಯಿ ಬಿಡಲಿಲ್ಲ. ಅವಳ ಕೆಲಸ ಹೋಯ್ತು."

ಅರವತ್ತು ವರ್ಷ ಒಂದೇ ಸೂರಿನಡಿ ಇದ್ದ ನನಗೂ ಇದು ಗೊತ್ತಿರಲಿಲ್ಲ. ನಾನು ಅಕ್ಕನ ಮುಖ ನೋಡಲಾರದೆ ನೆಲ ನೋಡಿದೆ.

ವೈರಣ್ಣ ಎದ್ದು ನಿಂತ. "ನಾನೇ ಮೇಡಂ. ಅಮ್ಮನಿಗೆ ನೋವಿನ ಔಷಧಿ ಕೊಡೋಕೆ ಮುಂಚೆ ಸಿಸ್ಟರ್ ಆ ಬಿಳೀ ಪರದೆ ಮುಂದೆ ಕಾಯ್ತಿದ್ರು. ಅಮ್ಮ ನರಳ್ತಿದ್ಲು. ಬೇರೆ ಯಾರಿಗೂ ಹಾಗಾಗಬಾರದು ಅಂತ ಯಾರನ್ನೂ ಕೇಳದೆ ಹಾಕಿದೆ. ಎಲ್ಲದಕ್ಕೂ ಅರ್ಧ ಗಂಟೆ ಇಟ್ಟೆ, ಔಷಧಿ ಪಟ್ಟಿ ಬಿಡಬೇಕಿತ್ತು. ಭಯದಲ್ಲಿ ಕಿತ್ತು ಮನೆಗೆ ಒಯ್ದೆ."

ಅವನು ಬಾಯಿ ಮುಚ್ಚಿಕೊಂಡದ್ದರಿಂದ ನಾಲ್ಕು ದಿನ ನಿದ್ದೆಗೆಟ್ಟವಳು ಆ ನರ್ಸ್. ಆಕೆಯೇ ಅವನ ಪರ ನಿಂತಳು. ಬೇಗ ಆಗಲಿ ಎಂದು ದಿನಾ ಅವನ ತಲೆ ತಿಂದವರು ನಾವೇ ಎಂದಳು. ಸೂಪರಿಂಟೆಂಡೆಂಟ್ ವರದಿಗೆ ಸಹಿ ಹಾಕದೆ ಅಡ್ಡಗೆರೆ ಎಳೆದರು. ವೈರಣ್ಣನಿಗೆ ಎಚ್ಚರಿಕೆಯ ಪತ್ರ ಸಿಕ್ಕಿತು, ಕೆಲಸ ಉಳಿಯಿತು. ಪೆಟ್ಟಿಗೆ ಮತ್ತೆ ಕಪಾಟಿಗೆ ಬಂತು. ಔಷಧಿ ಪಟ್ಟಿಯನ್ನು ಮಾತ್ರ ಪ್ರತಿ ಸಲವೂ ಸರ್ವರಿನಿಂದಲೇ ತರಬೇಕು ಎಂದಾಯಿತು.

ಮನೆಗೆ ಬಂದು ನಾನು ಗಡಿಯಾರದ ಮುಂದೆ ಕೂತೆ. ಅಕ್ಕ ಫೋನ್ ಎತ್ತಿ, ಪುಸ್ತಕ ನೋಡದೆ ಮೂರು ಅಂಕಿ ಒತ್ತಿದಳು, ಆಮೇಲೆ ಇಟ್ಟುಬಿಟ್ಟಳು. ಯಾರಿಗೆ ಎಂದು ಕೇಳಿದೆ.

"ಪಕ್ಕದ ಸೀಟಿನವಳಿಗೆ. ನಂಬರು ಬಾಯಿಪಾಠ ಇದೆ ಕಣೋ, ಆದ್ರೆ ಹಳೇದು. ಈಗ ಎಲ್ಲಿದ್ದಾಳೋ."

ನಾನು ಸ್ಕ್ರೂಡ್ರೈವರ್ ಕೆಳಗಿಟ್ಟು ಚೀಲ ತೆಗೆದುಕೊಂಡೆ. ವಿಚಾರಿಸಿಕೊಂಡು ಬರೋಣ ನಡಿ ಎಂದೆ. ಅಕ್ಕ ಆಗಲೇ ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದಳು.