ಮಿಸ್ರಿಯ ಬಟ್ಟಲು

"ಬೆಕ್ಕಿಗೆ ಏನ್ ಹಾಕ್ದೆ ನೀನು?"

ನಯಾಜ್ ಪಾಷಾ ಹಿತ್ತಲ ಬಾಗಿಲಲ್ಲಿ ನಿಂತು ಹೀಗೆ ಗದರಿಸಿದಾಗ ಬಷೀರುನ್ನೀಸಾ ಒಲೆಯ ಮುಂದೆ ಕೂತು ರೊಟ್ಟಿ ತಟ್ಟುತ್ತಿದ್ದಳು. ಅವನ ಅಂಗಿಯ ತುಂಬ ಇದ್ದಿಲ ಮಸಿ. ಯುದ್ಧ ಶುರುವಾಗಿ ಪೆಟ್ರೋಲು ಸಿಗದಾದ ಮೇಲೆ ಮದ್ದೂರಿನ ಮೇಲೆ ಹಾದುಹೋಗುವ ಮಳವಳ್ಳಿ-ಮಂಡ್ಯದ ಬಸ್ಸು ಇದ್ದಿಲ ಹೊಗೆಯಲ್ಲೇ ಓಡುತ್ತಿತ್ತು. ಅದನ್ನು ಓಡಿಸುವವನೂ ಅವನೇ, ಕೆಟ್ಟರೆ ಬಿಚ್ಚಿ ಕಟ್ಟುವವನೂ ಅವನೇ. ಅವನ ತೋಳಿನಲ್ಲಿ ಮಿಸ್ರಿ, ಕಲ್ಲುಸಕ್ಕರೆ ಬಣ್ಣದ ಬೆಕ್ಕು, ಹಿಂಡಿದ ಬಟ್ಟೆಯ ಹಾಗೆ ಜೋತುಬಿದ್ದಿತ್ತು.

"ನಾನೇನ್ ಹಾಕ್ಲಿ? ಮಧ್ಯಾಹ್ನ ಫುಪ್ಪು ಕೊಟ್ರು, ಡಬ್ಬಿ ಮೀನು. ಅದನ್ನೇ ಹಾಕ್ದೆ."

"ಕಕ್ಕಿ ಕಕ್ಕಿ ಸಾಯ್ತಾ ಐತೆ. ಅಮ್ಮಿ ಅಲ್ಲಿ ಎದೆ ಹೊಡ್ಕೊಂಡು ಅಳ್ತಾ ಅವ್ರೆ."

"ಡಬ್ಬಿ ತೆಗೆದವನು ಯಾರು?"

"ನಾನೇ. ನೆನ್ನೆ ಬೆಳಿಗ್ಗೆ."

ಬಷೀರಾ ಕೈ ಒರೆಸಿಕೊಂಡು ಎದ್ದಳು. ಮುರಿದ ಹಿತ್ತಲ ಗೋಡೆ ದಾಟಿದರೆ ಅವಳು ಫುಪ್ಪು ಎಂದು ಕರೆಯುವ ಸೋದರತ್ತೆ, ನಯಾಜನ ತಾಯಿ ಮಹಬೂಬ್ ಬೀಯ ಮನೆ. ಅಲ್ಲಿ ಗೋಡೆಯ ಗೂಡಿನಲ್ಲಿ ಬಾಯಿ ತೆರೆದ ಡಬ್ಬಿ ಹಾಗೇ ಇತ್ತು, ಮೇಲೊಂದು ಕಾಗದದ ಚೂರು. ಬೇಸಿಗೆಯ ಬಿಸಿಲು ನೇರ ಅದರ ಮೇಲೆ ಬೀಳುತ್ತಿತ್ತು. ಅವಳು ಅದನ್ನು ಎತ್ತಿ ಅವನ ಮೂಗಿನ ಹತ್ತಿರ ಹಿಡಿದಳು.

"ಮೂಸಿ ನೋಡು."

ಅವನು ಮೂಸಿದ. ಮುಖ ಹುಳ್ಳಗಾಯಿತು. ಹೊರಗೆ ಓಡಿಹೋಗಿ ಉಗಿದು ಬಂದ.

"ಈಗ ಹೇಳು, ಯಾರು ಏನ್ ಹಾಕಿದ್ದು?"

ಅವನು ತಲೆ ತಗ್ಗಿಸಿದ. ಮಸಿಯ ನಡುವೆಯೂ ಅವನ ಕಿವಿ ಕೆಂಪಾದದ್ದು ಅವಳಿಗೆ ಕಂಡಿತು. ಕೋಪದಲ್ಲಿದ್ದವಳಿಗೆ ಯಾಕೋ ನಗು ಬಂತು. ನಕ್ಕದ್ದಕ್ಕೆ ಮತ್ತೆ ತನ್ನ ಮೇಲೇ ಕೋಪ ಬಂತು.

ಅದು ಸಾವಿರದ ಒಂಬೈನೂರ ನಲವತ್ತೈದರ ಬೇಸಿಗೆ. ಆ ಬೆಕ್ಕು ನಯಾಜನದಲ್ಲ, ಅವನ ಅಣ್ಣ ನಜೀರ್ ಅಹ್ಮದನದು. ನಜೀರ್ ಮಿಲಿಟರಿ ಲಾರಿಯ ಡ್ರೈವರು, ಬರ್ಮಾದ ಕಡೆ ಎಲ್ಲೋ ಇದ್ದ. ಕೊನೆಯ ಸಲ ರಜೆಗೆ ಬಂದಾಗ ಕ್ಯಾಂಟೀನಿನಿಂದ ಒಂದು ಮರದ ಪೆಟ್ಟಿಗೆ ತುಂಬ ಮೀನಿನ ಡಬ್ಬಿ ತಂದಿದ್ದ. ಮನೆಯವರಿಗೆ ಆ ವಾಸನೆ ಸೇರಲಿಲ್ಲ, ಮಿಸ್ರಿಗೆ ಮಾತ್ರ ಪ್ರಾಣ. "ನಾನು ಬರೋಗಂಟ ಇವಳಿಗೇ ಹಾಕ್ತಿರಿ" ಎಂದು ನಕ್ಕು ಹೋದವನು. ಅದೇ ರಜೆಯಲ್ಲಿ ಹಿರಿಯರು ಕೂತು ಸಕ್ಕರೆ ಹಂಚಿದ್ದರು: ನಜೀರನಿಗೆ ಬಷೀರುನ್ನೀಸಾ. ಅವಳನ್ನು ಯಾರೂ ಕೇಳಿರಲಿಲ್ಲ. ಕೇಳಿದ್ದರೂ ಬೇಡ ಎನ್ನುವುದಕ್ಕೆ ಆಗ ಅವಳಲ್ಲಿ ಕಾರಣವಿರಲಿಲ್ಲ.

ಆಮೇಲೆ ನಜೀರನ ಸುದ್ದಿ ನಿಂತುಹೋಯಿತು. ಮಹಬೂಬ್ ಬೀ ಹಾಸಿಗೆ ಹಿಡಿದಳು. ಅವಳ ತಲೆಯಲ್ಲಿ ಒಂದೇ ನಂಬಿಕೆ ಉಳಿದಿತ್ತು: "ಮಿಸ್ರಿ ಉಂಡ್ರೆ ನನ್ನ ಮಗ ಅಲ್ಲಿ ಉಂಡಂಗೆ." ಬೆಕ್ಕು ಒಂದು ಹೊತ್ತು ಬಟ್ಟಲು ಮುಟ್ಟದಿದ್ದರೆ ಅವಳೂ ತಟ್ಟೆ ಮುಟ್ಟುತ್ತಿರಲಿಲ್ಲ.

ಹೀಗಾಗಿ ಆ ಬೆಕ್ಕನ್ನು ಉಳಿಸಲೇಬೇಕಾಗಿತ್ತು.

ಅಂದು ಸಂಜೆಯವರೆಗೂ ಇಬ್ಬರೂ ಅದರ ಪಕ್ಕ ಕೂತು ಹತ್ತಿಯಲ್ಲಿ ನೀರು ಅದ್ದಿ ಬಾಯಿಗೆ ಹಿಂಡಿದರು. ಮಿಸ್ರಿ ಕೊನೆಗೆ ತಲೆ ಎತ್ತಿ ಬಷೀರಾಳ ಬೆರಳು ನೆಕ್ಕಿತು. ನಯಾಜ್ ಗೋಡೆಗೆ ಒರಗಿ, "ಬದುಕ್ತು" ಎಂದ.

ಬಷೀರಾಳ ಅಪ್ಪ ಅಕ್ರಂ ಪಾಷಾ ಪಾತ್ರೆಗಳಿಗೆ ಕಲಾಯಿ ಹಾಕುವವನು. ಯಾವ ಪಾತ್ರೆಯಲ್ಲಿ ಏನಿಟ್ಟರೆ ಕೆಡುತ್ತದೆ ಎಂಬ ಮಾತು ಕೇಳುತ್ತಲೇ ಅವಳು ಬೆಳೆದಿದ್ದಳು. ಮರುದಿನ ಹೊಸ ಡಬ್ಬಿ ತೆಗೆದ ಕೂಡಲೇ ಮೀನನ್ನೆಲ್ಲ ಪಿಂಗಾಣಿ ಜಾಡಿಗೆ ಸುರಿದಳು. ಜಾಡಿಗೆ ಮುಚ್ಚಳ, ಮುಚ್ಚಳದ ಮೇಲೆ ಒದ್ದೆ ಬಟ್ಟೆ. ನೀರಿನ ಮಡಕೆ ಕೂರಿಸುವ ಒದ್ದೆ ಮರಳಿನಲ್ಲಿ ಜಾಡಿಯನ್ನು ಕುತ್ತಿಗೆವರೆಗೆ ಹೂತಿಟ್ಟಳು.

"ಇದೇನು, ಜಾಡಿಗೆ ಗೋರಿ ಕಟ್ತಿದ್ದೀಯಾ?" ನಯಾಜ್ ಕೇಳಿದ.

"ತಣ್ಣಗಿರ್ಲಿ ಅಂತ. ಸಂಜೆ ತೆಗೆದದ್ದು ಬೆಳಿಗ್ಗೆಗೆ ಮುಗೀಬೇಕು. ಬಟ್ಟಲಲ್ಲಿ ಉಳಿದದ್ದನ್ನ ತಿರುಗಿ ಜಾಡಿಗೆ ಹಾಕೋ ಹಂಗಿಲ್ಲ. ಹಾಕೋ ಮುಂಚೆ ಬಟ್ಟಲನ್ನ ಬಿಸಿನೀರಲ್ಲಿ ಒಂದು ಗಳಿಗೆ ಇಡ್ಬೇಕು. ತಣ್ಣಗಿದ್ರೆ ಬೆಕ್ಕಿಗೆ ವಾಸನೇನೇ ಹತ್ತಲ್ಲ."

"ಆಮೇಲೆ?"

"ಆಮೇಲೆ ನೀನು ಮೂಸಿ ನೋಡ್ಬೇಕು."

"ನಾನಾ?"

"ಒಂದ್ಸಲ ರೂಢಿ ಆಗೈತಲ್ಲ."

ಅವನು ನಕ್ಕ. ನಗುವಾಗ ಅವನ ಎಡಗೆನ್ನೆಯಲ್ಲಿ ಸಣ್ಣ ಗುಳಿ ಬೀಳುತ್ತಿತ್ತು. ಚಿಕ್ಕಂದಿನಿಂದ ನೋಡಿದ ಮುಖವೇ. ಆದರೂ ಆ ಗುಳಿಯನ್ನು ಅವಳು ಮೊದಲ ಸಲ ನೋಡಿದ್ದು ಅಂದೇ.

ಅಂದಿನಿಂದ ಸಂಜೆ ಬಸ್ಸು ಬಂದು ನಿಂತರೆ ಅವಳ ಕಿವಿ ಹಿತ್ತಲಿಗೆ ಹೋಗುತ್ತಿತ್ತು. ಅವನು ಸ್ಕ್ರೂ ಡ್ರೈವರಿನಿಂದ ಡಬ್ಬಿ ಬಿಚ್ಚುವುದು, ಅವಳು ಜಾಡಿ ಹಿಡಿಯುವುದು. ಎರಡು ಗಳಿಗೆಯ ಕೆಲಸ. ಅದು ದಿನದಿಂದ ದಿನಕ್ಕೆ ಉದ್ದವಾಗುತ್ತ ಹೋಯಿತು.

ಆದರೆ ಮಿಸ್ರಿ ಒಂದು ದಿನ ಬಟ್ಟಲು ಮೂಸಿ ಮುಖ ತಿರುಗಿಸಿತು. ಮರುದಿನವೂ ಅದೇ. ಮೀನು ಕೆಟ್ಟಿರಲಿಲ್ಲ, ಬೆಕ್ಕಿಗೆ ಜ್ವರವೂ ಇರಲಿಲ್ಲ. ಮಹಬೂಬ್ ಬೀ ಗೋಡೆಯ ಕಡೆ ತಿರುಗಿ ಮಲಗಿದಳು. ಬಷೀರಾ ಬೇಡಿದಳು, ಗದರಿದಳು, ಕೊನೆಗೆ ಬೆಕ್ಕಿನ ಮುಂದೆ ಅಳುತ್ತ ಕೂತಳು.

ಶಿಂಷಾ ಹೊಳೆಯ ಮೀನು ಮಾರಲು ಬಂದ ಚಿಕ್ಕಬೋರಮ್ಮ ಬುಟ್ಟಿ ಇಳಿಸಿ ಸಂಗತಿ ಕೇಳಿದವಳೇ ಬಾಯಿಗೆ ಸೆರಗು ಹಿಡಿದು ನಕ್ಕಳು.

"ಅಯ್ಯೋ ನನ್ ಕಂದ, ದಿನಾ ಒಂದೇ ಸಾರು ಬಿಟ್ರೆ ನಮ್ಮೆಜಮಾನ್ನೇ ತಟ್ಟೆ ತಳ್ತಾನೆ ಕಣವ್ವ. ಬೆಕ್ಕು ಸುಮ್ಕಿದ್ದಾತಾ? ಒಂದಿನ ಗೆಂಡೆಮೀನು ಬೇಯ್ಸಿ ಮುಳ್ಳು ಬುಡ್ಸಿ ಹಾಕು. ಒಂದಿನ ಮೊಟ್ಟೆ. ಒಂದಿನ ಆಡಿನ ಈಲಿ. ಆದ್ರೆ ಒಂದೇ ಏಟ್ಗೆ ಬದ್ಲಾಯಿಸ್ಬ್ಯಾಡ, ಒಟ್ಟೆ ಕೆಡ್ತದೆ. ಅಳೇದ್ರಲ್ಲಿ ಒಸದು ಚೂರ್ಚೂರೇ ಕಲ್ಸು."

ಆಮೇಲೆ ನಯಾಜನ ಬಸ್ಸಿಗೆ ಹೊಸ ಕೆಲಸ ಬಂತು. ಮಳವಳ್ಳಿ ಸಂತೆಯ ಮಾಂಸದಂಗಡಿಯಿಂದ ಈಲಿ, ದಾರಿಯ ಹಳ್ಳಿಯಿಂದ ನಾಟಿ ಮೊಟ್ಟೆ, ಎಲ್ಲ ಎಲೆಯಲ್ಲಿ ಸುತ್ತಿ ಡ್ರೈವರ್ ಸೀಟಿನ ಪಕ್ಕ ಕೂತು ಮದ್ದೂರಿಗೆ ಬಂದವು. ಮಿಸ್ರಿ ಮತ್ತೆ ಬಟ್ಟಲು ನೆಕ್ಕಿತು, ಮಹಬೂಬ್ ಬೀಯೂ ತಟ್ಟೆ ಮುಟ್ಟಿದಳು. ಬೆಕ್ಕಿಗೆ ಈಲಿ ತಂದವನು ಒಮ್ಮೆ ಮಲ್ಲಿಗೆಯನ್ನೂ ತಂದ.

"ಇದನ್ನೂ ಮಿಸ್ರಿ ತಿಂತದಾ?" ಬಷೀರಾ ಕೇಳಿದಳು.

"ಬ್ಯಾರೆ ಬ್ಯಾರೆ ಹಾಕ್ಬೇಕು ಅಂದ್ಯಲ್ಲ."

ಅವಳು ಹೂವನ್ನು ಮುಡಿಯಲಿಲ್ಲ, ಎಸೆಯಲೂ ಇಲ್ಲ. ಒದ್ದೆ ಬಟ್ಟೆಯಲ್ಲಿ ಸುತ್ತಿ ಜಾಡಿಯ ಪಕ್ಕದಲ್ಲೇ ಇಟ್ಟಳು. ಬೆಳಿಗ್ಗೆ ತೆಗೆದು ನೋಡಿದರೆ ಹೂವಿಗೆಲ್ಲ ಮೀನಿನ ವಾಸನೆ. ಒಬ್ಬಳೇ ಕೂತು ನಕ್ಕಳು.

ಒಂದು ದಿನ ಮರಳೂ ಬಿಸಿಯೇರುವಷ್ಟು ಸೆಕೆ. ನಯಾಜ್ ಮಂಡ್ಯದ ಸೋಡಾ ಅಂಗಡಿಯಿಂದ ಐಸು ತಂದ. ಗೋಣಿಚೀಲ, ಹೊಟ್ಟು, ಮತ್ತೆ ಗೋಣಿ; ಎಲ್ಲ ಬಿಚ್ಚಿದಾಗ ಒಳಗೆ ಉಳಿದದ್ದು ಅಂಗೈಯಗಲದ ಚೂರು.

"ಮಂಡ್ಯ ಬಿಟ್ಟಾಗ ಇಟ್ಟಿಗೆಯಷ್ಟಿತ್ತು," ಅವನ ಮುಖ ಸಪ್ಪಗಾಯಿತು. "ದಾರೀಲೆಲ್ಲ ಓಯ್ತು."

"ಇಲ್ಲಿಗೆ ಬಂತಲ್ಲ, ಸಾಕು."

ಐಸನ್ನು ಬೋಗುಣಿಗೆ ಹಾಕಿ ಜಾಡಿಯನ್ನು ಅದರಲ್ಲಿ ಕೂರಿಸುವಾಗ ಅವನ ಕೈ ಅವಳ ಕೈಯ ಮೇಲೆ ಬಂತು. ಇಬ್ಬರೂ ತೆಗೆಯಲಿಲ್ಲ.

"ಸುಡ್ತೈತೆ," ಅವಳೆಂದಳು.

"ಐಸು ಸುಡ್ತದಾ?"

"ಹೂಂ."

ಒಳಗಿನಿಂದ ಮಹಬೂಬ್ ಬೀ ಕರೆದಳು. "ಲೇ ನಯಾಜ್, ಬಷೀರಾಗೆ ಸತಾಯಿಸ್ಬೇಡ. ನಾಳೆ ನಿನ್ನಣ್ಣನ ಹೆಂಡ್ತಿ, ನಿನ್ನ ಭಾಬಿ ಆಗೋಳು. ಭಾಬಿ ಅಂತ ಕರಿಯೋದು ಈಗ್ಲೇ ಕಲೀ."

ಅವನು ಕೈ ತೆಗೆದ. ಹಿತ್ತಲ ಬಾಗಿಲು ದಾಟುವಾಗ ಚೌಕಟ್ಟಿಗೆ ತಲೆ ಹೊಡೆಸಿಕೊಂಡು ಹೋದ.

ಬಷೀರಾ ಆ ಸಂಜೆ ಪ್ರಾರ್ಥನೆಗೆ ಕೂತಳು. ನಜೀರ್ ಸುಖವಾಗಿ ಬರಲಿ ಎಂದು ಬೇಡಿದಳು. ಮನಸ್ಸಿಟ್ಟೇ ಬೇಡಿದಳು. ಬೇಡಿ ಮುಗಿದ ಮೇಲೆ ಇನ್ನೂ ಏನೋ ಕೇಳುವುದಿದೆ ಅನಿಸಿತು. ಅದನ್ನು ಕೇಳಿದರೆ ಮೊದಲಿನದು ಸುಳ್ಳಾಗುತ್ತದೆಂದು ಹೆದರಿ ಚಾಪೆ ಮಡಿಸಿಟ್ಟಳು.

ಯುದ್ಧ ಮುಗಿಯಿತು. ಮಳೆಗಾಲ ಕಳೆದು ಚಳಿ ಬಂದಾಗ ಒಂದು ಬೆಳಿಗ್ಗೆ ಮದ್ದೂರು ಸ್ಟೇಷನ್ನಿನಲ್ಲಿ ನಜೀರ್ ಅಹ್ಮದ್ ಇಳಿದ. ಬಡಕಲಾಗಿದ್ದ, ಒಂದು ಕಿವಿ ಕೇಳಿಸುತ್ತಿರಲಿಲ್ಲ. ಆದರೂ ನಜೀರ್ ನಜೀರನೇ. ತಾಯಿಯನ್ನು ಹಾಸಿಗೆಯಿಂದ ಎತ್ತಿಕೊಂಡು ಅಂಗಳದಲ್ಲಿ ಒಂದು ಸುತ್ತು ಹಾಕಿದ. ಮಹಬೂಬ್ ಬೀ ಅಂದು ಎದ್ದವಳು ಮತ್ತೆ ಹಾಸಿಗೆ ಹಿಡಿಯಲಿಲ್ಲ. ಬಷೀರಾಳಿಗೆ ಸಂತೋಷವಾಗಿತ್ತು, ನಿಜವಾಗಿಯೂ ಆಗಿತ್ತು. ಅದು ನಿಜವಾದ್ದರಿಂದಲೇ ಎಲ್ಲಿ ಹೋಗಿ ಅಳಬೇಕೋ ತಿಳಿಯಲಿಲ್ಲ.

ಮಿಸ್ರಿ ಮಾತ್ರ ಅವನನ್ನು ಗುರುತಿಸಲಿಲ್ಲ. ಅವನು ಕೈ ಚಾಚಿದರೆ ಬೆನ್ನು ಉಬ್ಬಿಸಿ ಹಿಂದೆ ಸರಿದು ನಯಾಜನ ಕಾಲ ಸಂದಿಗೆ ಸೇರಿಕೊಂಡಿತು.

"ನನ್ನೇ ಮರೆತುಬುಟ್ಟೈತೆ ಕಣ್ಲಾ!" ನಜೀರ್ ಗಟ್ಟಿಯಾಗಿ ನಕ್ಕ.

ನಿಕಾಹಿಗೆ ದಿನ ಗೊತ್ತಾಯಿತು. ಅದಾದ ಮೇಲೆ ಒಂದು ಮಧ್ಯಾಹ್ನ ನಯಾಜ್ ಹಿತ್ತಲಿಗೆ ಬಂದ. ಬಷೀರಾ ಗೆಂಡೆಮೀನಿನ ಮುಳ್ಳು ಬಿಡಿಸುತ್ತಿದ್ದಳು.

"ಮಳವಳ್ಳೀಲಿ ಒಂದು ವರ್ಕ್‌ಶಾಪ್‌ನೋರು ಕರೀತಾವ್ರೆ," ಎಂದ. "ಅಲ್ಲೇ ಇದ್ದುಬುಡ್ತೀನಿ."

"ನಿಕಾಹಿಗೆ?"

"ಬರಾಕಾಗಲ್ಲ."

ಅವಳ ಬೆರಳಿಗೆ ಮುಳ್ಳು ಚುಚ್ಚಿತು. ಅವಳು ತಲೆ ಎತ್ತಿ ಅವನನ್ನೇ ನೋಡಿದಳು.

"ನೀನೊಂದು ಮಾತು ಆಡು, ನಯಾಜ್. ನೀನಾಡಿದ್ರೆ ನಾನು ಅಬ್ಬಾ ಮುಂದೆ ನಿಂತು ಒಲ್ಲೆ ಅಂತೀನಿ. ಹೊಡೀಲಿ, ಕಡೀಲಿ."

ನಯಾಜ್ ಅವಳೆದುರು ಕುಕ್ಕರಗಾಲಲ್ಲಿ ಕೂತ.

"ನನ್ ಜೀವ ನಿನ್ ಮ್ಯಾಲೇ ಐತೆ. ಅದು ನಿಂಗೂ ಗೊತ್ತು."

"ಗೊತ್ತು."

"ಅಣ್ಣ ನಿದ್ದೇಲಿ ಕಿರುಚ್ಕೋತಾನೆ, ಬಷೀರಾ. ಎದ್ದು ಕೂತು ನಡುಗ್ತಾನೆ. ಯಾರ್ಯಾರೋ ಸತ್ತೋರ ಹೆಸರು ಹಿಡ್ದು ಕೂಗ್ತಾನೆ. ನಾನು ಕೈ ಕೊಟ್ರೆ ಹಿಡ್ಕೊಂಡು ಮಲಗ್ತಾನೆ. ಬೆಳಗಾದ್ರೆ ನಿನ್ ಹೆಸರು ಹೇಳಿ ನಗ್ತಾನೆ. ಅಷ್ಟು ದೂರ ಬದುಕ್ಕೊಂಡ್ ಬಂದಿದ್ದೇ ಅದಕ್ಕೆ ಅಂತಾನೆ." ಅವನು ತನ್ನ ಅಂಗೈಯನ್ನು ನೋಡಿಕೊಂಡ. "ಆ ಕೈನ ನಾನು ಎಂಗೆ ಕೊಡವ್ಲಿ, ಹೇಳು. ನೀನು ಹೇಳಿದಂಗೆ ಮಾಡ್ತೀನಿ."

ಬಷೀರಾ ಹೇಳಬಹುದಿತ್ತು. ಮಾತು ನಾಲಗೆಯ ತುದಿಗೇ ಬಂದಿತ್ತು. ಒಳಗಡೆ ಮಹಬೂಬ್ ಬೀ ಮಗನಿಗೆ ಏನೋ ಬಡಿಸುತ್ತ, ಕೇಳದ ಕಿವಿಯ ಕಡೆಯಿಂದ ಮಾತಾಡಿ, ಮರೆತೆನೆಂದು ಮತ್ತೆ ಕೇಳುವ ಕಿವಿಯ ಕಡೆ ಬಂದು ಕೂಗಿ ಹೇಳುತ್ತಿದ್ದಳು. ತಾಯಿ ಮಗ ಇಬ್ಬರೂ ನಗುತ್ತಿದ್ದರು. ಆ ನಗು ಹಿತ್ತಲವರೆಗೂ ಬಂತು.

ಅವಳು ಮತ್ತೆ ಮೀನಿನ ಮುಳ್ಳು ಬಿಡಿಸಲು ಶುರುಮಾಡಿದಳು. ನಯಾಜ್ ಎದ್ದು ಹೋದ.

ಅವನು ಹೊರಟ ದಿನ ಬಸ್ಸು ಓಣಿಯ ತುದಿಗೇ ಬಂದು ನಿಂತಿತ್ತು, ಬೇರೆ ಯಾರೋ ಓಡಿಸುತ್ತಿದ್ದರು. ನಯಾಜನ ಟ್ರಂಕಿನ ಮೇಲೆ ಮಿಸ್ರಿ ಹೋಗಿ ಕೂತಿತು. ಇಳಿಸಿದರೆ ಮತ್ತೆ ಹತ್ತಿತು.

"ಇದನ್ನೂ ಕರ್ಕೊಂಡ್ ಓಗ್ಲಾ," ನಜೀರ್ ತಮ್ಮನ ಹೆಗಲು ತಟ್ಟಿದ. "ಸಾಕಿದ್ದು ನೀನು. ಹೆಸರಿಗೆ ನಂದು ಅಂತ ಕಟ್ಟಿ ಹಾಕ್ಕೊಂಡ್ರೆ ಏನ್ ಬಂತು?"

ಅತ್ತೆಯ ಮನೆಯ ಬಾಗಿಲ ಪರದೆಯ ಹಿಂದೆ ನಿಂತಿದ್ದ ಬಷೀರಾ ಪರದೆಯನ್ನು ಮುಷ್ಟಿಯಲ್ಲಿ ಹಿಡಿದಳು. ನಯಾಜ್ ಅಣ್ಣನ ಮುಖವನ್ನು ಒಂದು ಗಳಿಗೆ ದಿಟ್ಟಿಸಿ ನೋಡಿದ. ಅಲ್ಲಿ ಪ್ರೀತಿಯ ಹೊರತು ಏನೂ ಇರಲಿಲ್ಲ. ಅವನು ಬೆಕ್ಕನ್ನು ಎತ್ತಿ ಬುಟ್ಟಿಗೆ ಇಳಿಸಿದ.

ಅವಳು ಉಳಿದ ಕೊನೆಯ ಡಬ್ಬಿಗಳನ್ನು ಒಂದು ಬಟ್ಟೆಯಲ್ಲಿ ಕಟ್ಟಿ ತಂದು ಮಹಬೂಬ್ ಬೀಯ ಕೈಯಿಂದ ಅವನಿಗೆ ಕೊಡಿಸಿದಳು. ಎಲ್ಲರೂ ನಿಂತಿದ್ದರು, ಪರದೆಯ ಹಿಂದಿನಿಂದಲೇ ಏನಾದರೂ ಹೇಳಬೇಕಿತ್ತು.

"ಡಬ್ಬೀಲೇ ಬಿಟ್ಟುಬುಡ್ಬೇಡ, ನಯಾಜ್ ಭಾಯ್. ವರ್ಕ್‌ಶಾಪಲ್ಲಿ ಸೆಕೆ ಜಾಸ್ತಿ. ಜಾಡಿ ಇಲ್ದಿದ್ರೆ ಒಂದು ಪಿಂಗಾಣಿ ಬಟ್ಟಲಾದ್ರೂ ತಗೋ. ನೀನೂ ಹೊತ್ತಿಗೆ ಸರಿಯಾಗಿ ಉಣ್ಣು."

"ಹೂಂ," ಎಂದ ಅವನು. ಅವಳ ಕಡೆ ನೋಡಲಿಲ್ಲ. ಬಸ್ಸು ಹತ್ತಿದ ಮೇಲೆ ನೋಡಿದ, ಬಸ್ಸು ಓಣಿ ತಿರುಗುವವರೆಗೂ ನೋಡುತ್ತಲೇ ಇದ್ದ.

ನಜೀರ್ ಬಾಗಿಲ ಹತ್ತಿರ ಬಂದು ಪರದೆಯ ಹೊರಗಡೆಯೇ ನಿಂತ.

"ಬೇಜಾರ್ ಮಾಡ್ಕೋಬೇಡ. ನಿಕಾಹ್ ಆದ ಮ್ಯಾಲೆ ಇಬ್ಬರೂ ಮಳವಳ್ಳಿಗೆ ಓಗಿ ಮಿಸ್ರೀನ ನೋಡ್ಕೊಂಡ್ ಬರೋವ."

"ಬ್ಯಾಡ," ಬಷೀರಾ ಅವನ ಕೇಳುವ ಕಿವಿಗೆ ಕೇಳಿಸುವ ಹಾಗೆ ಹೇಳಿದಳು. "ಹೊಸ ಮನೆಗೆ ಹೊಂದ್ಕೊಳ್ಳೋಗಂಟ ಹಳೇ ಮುಖ ಕಾಣ್ಬಾರ್ದು. ಕಂಡ್ರೆ ಊಟ ಬುಟ್ಟುಬುಡ್ತದೆ."

"ಅಂಗಾ? ಎಷ್ಟು ದಿನ ಬೇಕು ಹೊಂದ್ಕೊಳಕ್ಕೆ?"

"ಗೊತ್ತಿಲ್ಲ."

ಅವನು ತಲೆಯಾಡಿಸಿದ. ಬಷೀರಾ ಕಣ್ಣೊರೆಸಿಕೊಂಡು ಪರದೆ ಸರಿಸಿದಳು, ಅವನು ಮರಳಿದ ಮೇಲೆ ಅವನ ಬಡಕಲು ಮುಖವನ್ನು ಮೊದಲ ಸಲ ಹತ್ತಿರದಿಂದ ನೋಡಿ, ಮಧ್ಯಾಹ್ನಕ್ಕೆ ಏನು ಮಾಡಲಿ ಎಂದು ಕೇಳಿದಳು.