ಬಿಗಿಮಾಯನ ಇಕ್ಕಳ

ಬೆಟ್ಟಗಳು ಇನ್ನೂ ಕೂರಲು ಜಾಗ ಹುಡುಕುತ್ತಿದ್ದ ಕಾಲದಲ್ಲಿ ಅಲುಗೂರು ಎಂಬ ರಾಜ್ಯವಿತ್ತು. ಅಲ್ಲಿ ನೆಲ ಸದಾ ನಡುಗುತ್ತಿತ್ತು. ಬೆಳಿಗ್ಗೆ ಒಲೆಯ ಮೇಲಿಟ್ಟ ಮಡಕೆ ಮಧ್ಯಾಹ್ನಕ್ಕೆ ಪಕ್ಕದ ಮನೆ ಸೇರುತ್ತಿತ್ತು. ಒಬ್ಬರ ಸಾರು ಇನ್ನೊಬ್ಬರು ಉಣ್ಣುವುದು ಜನರಿಗೆ ಅಭ್ಯಾಸವಾಗಿತ್ತು. ರಾಜನಿಗೆ ಮಾತ್ರ ಆಗಲಿಲ್ಲ. ಅವನ ಸಿಂಹಾಸನ ಆಗಾಗ ಅಡುಗೆಮನೆಗೆ ಹೋಗಿಬಿಡುತ್ತಿತ್ತು.

ರಾಜ ಬಿಗಿಮಾಯನೆಂಬ ಮಾಂತ್ರಿಕನನ್ನು ಕರೆಸಿದ. ಅವನು ತನ್ನ ಗುಹೆಯಲ್ಲಿ ಒಂದು ಮಹಾತಿರುಪನ್ನು ಬಿಗಿದ. ತಕ್ಷಣ ಪ್ರತಿ ವಸ್ತುವಿಗೂ, ಪ್ರತಿ ಮನುಷ್ಯನಿಗೂ ಒಂದೊಂದು ಕಬ್ಬಿಣದ ಇಕ್ಕಳ ಕಚ್ಚಿಕೊಂಡಿತು. ನೆಲ ನಿಂತಿತು. ಹೊಳೆಯೂ ನಿಂತಿತು. ರಾಜ ಸಿಂಹಾಸನದಲ್ಲಿ ಸ್ಥಿರವಾಗಿ ಉಳಿದ, ಏಳಲಾಗದ ಕಾರಣ.

ಸೂರವ್ವನ ತೊಟ್ಟಿಲೂ ನಿಂತಿತು. ಅವಳ ಕೂಸು ತೂಗದೆ ಮಲಗದು. ತೋಳಲ್ಲಿ ತೂಗೋಣವೆಂದರೆ ಅವಳ ಮೊಣಕೈಗಳಿಗೇ ಇಕ್ಕಳ. ಕೂಸು ಅತ್ತು ಅತ್ತು ದನಿ ಕಳೆದುಕೊಂಡಿತು, ಹಾಲು ಬಿಟ್ಟಿತು.

"ಸೋದರಮಾವ ಅಂತ ಇದ್ದೀಯಲ್ಲ," ಎಂದಳು ಸೂರವ್ವ, ತಮ್ಮ ಕಾಳಿಂಗೋಜನಿಗೆ. "ತೊಟ್ಟಿಲು ಮಾಡಿಕೊಟ್ಟೋನು ನೀನೇ. ತೂಗೋ ಹಾಗೆ ಮಾಡು, ಇಲ್ಲಾಂದ್ರೆ ವಾಪಸ್ ತಗೊಂಡು ಹೋಗು."

ಕಾಳಿಂಗೋಜ ಬಡಗಿ. ಅಲುಗೂರಿನ ಬಡಗಿಗಳು ಇಕ್ಕಳಕ್ಕೂ ಮರಕ್ಕೂ ನಡುವೆ ಒಂದು ತೆಳು ಮರದ ಚಕ್ಕೆ ಇಡದೆ ಏನನ್ನೂ ಬಿಗಿಯರು. ಇಟ್ಟರೆ ಮರದ ಮೇಲೆ ಕಚ್ಚು ಬೀಳದು. ಕಾಳಿಂಗೋಜನ ಚಕ್ಕೆ ಸದಾ ಅವನ ಸೊಂಟದಲ್ಲಿ. ಅವನ ಪಾಲಿನ ಇಕ್ಕಳ ಅದನ್ನೂ ಸೇರಿಸಿಯೇ ಕಚ್ಚಿತ್ತು. ಚಕ್ಕೆ ಎಳೆದ, ಸಡಿಲವಾಯಿತು, ನಡೆದ.

ಬಿಗಿಮಾಯನ ಗುಹೆಯ ಬಾಗಿಲಲ್ಲಿ ಎತ್ತಿನಷ್ಟು ದೊಡ್ಡ ಏಡಿ ಇತ್ತು.

"ಯಾವ ಕಾಲು ಕೊಡ್ತೀಯ?" ಎಂದಿತು.

"ನಿನಗೆ ಯಾವುದು ಹತ್ತಿರವೋ ಅದು."

ಕಾಲಿಗೆ ಚಕ್ಕೆ ಆನಿಸಿಕೊಂಡೇ ಚಾಚಿದ. ಏಡಿ ಹಿಡಿಯಿತು. ಚಕ್ಕೆ ಎಳೆದ, ಸಡಿಲವಾಯಿತು, ನಡೆದ. ಏಡಿ ಖಾಲಿ ಕೊಂಡಿಯನ್ನೇ ಬಿಗಿಹಿಡಿದು ಕಾವಲು ಮುಂದುವರಿಸಿತು.

ಒಳಗೆ ಬಿಗಿಮಾಯ ಕೇಳಿದ, "ನಿನ್ನ ಇಕ್ಕಳ ಎಲ್ಲಯ್ಯಾ?"

"ಬಿಟ್ಟುಕೊಂಡಿತು ಸ್ವಾಮಿ. ಕೆಲಸ ಅಷ್ಟೇನೂ ಬಿಗಿ ಇಲ್ಲ."

ಬಿಗಿಮಾಯನಿಗೆ ಅದು ನಾಟಿತು. ಮಹಾತಿರುಪಿನ ಪಕ್ಕದಲ್ಲಿದ್ದ ಇಕ್ಕಳವನ್ನು ಅವನ ಕೊರಳಿಗೆ ಹಿಡಿದ.

"ನಡುವೆ ಚಕ್ಕೆ ಇಡಲಾ?" ಎಂದ ಕಾಳಿಂಗೋಜ. "ಬೆವರು ತಾಗಿದರೆ ನಿಮ್ಮ ಕಬ್ಬಿಣಕ್ಕೆ ತುಕ್ಕು."

ಕಬ್ಬಿಣದ ವಿಷಯದಲ್ಲಿ ಬಿಗಿಮಾಯ ಮೃದುಹೃದಯಿ. ಒಪ್ಪಿದ, ಬಿಗಿದ. ಕಾಳಿಂಗೋಜ ಚಕ್ಕೆ ಎಳೆದ, ಸಡಿಲವಾಯಿತು, ಕೊರಳು ಹೊರಬಂತು.

"ಎಲ್ಲಿ ತಪ್ಪಿತು?" ಎಂದು ಬಿಗಿಮಾಯ ಇಕ್ಕಳದೊಳಗೆ ತಲೆಯಿಟ್ಟು ನೋಡಿದ. ಕಾಳಿಂಗೋಜ ಇಕ್ಕಳದ ತಿರುಪನ್ನು ಒಂದು ಸುತ್ತು ಬಿಗಿದ.

"ಬಿಚ್ಚೋ."

"ನಿಮ್ಮ ಮಂತ್ರ, ನಿಮ್ಮ ಕೈಗೇ ಬಿಚ್ಚೋದು. ಮಹಾತಿರುಪು ಅಲ್ಲೇ ಪಕ್ಕದಲ್ಲಿದೆ. ನನಗೇನೂ ಅವಸರ ಇಲ್ಲ."

ಅವಸರ ಅವನಿಗೆ ಬಹಳವಿತ್ತು. ಬಿಗಿಮಾಯನಿಗೆ ಅದಕ್ಕಿಂತ ಹೆಚ್ಚಿತ್ತು. ಮಹಾತಿರುಪು ತಿರುಗಿತು, ರಾಜ್ಯದ ಇಕ್ಕಳಗಳೆಲ್ಲ ಉದುರಿ ಮಣ್ಣಾದವು, ಬಿಗಿಮಾಯನ ಮಂತ್ರವೂ ಜೊತೆಗೇ.

ನೆಲ ನಡುಗಿತು, ಹೊಳೆ ಹರಿಯಿತು. ಸಿಂಹಾಸನ ನೇರ ಅಡುಗೆಮನೆಗೆ ಹೋಯಿತು. ರಾಜ ಅಲ್ಲೇ ಕೂತು ಮೊದಲ ಸಲ ಬಿಸಿ ಊಟ ಮಾಡಿದ. ಕಾಳಿಂಗೋಜ ಮನೆ ಹುಡುಕಿಕೊಂಡು ಬಂದಾಗ ತೊಟ್ಟಿಲು ತಾನಾಗಿ ತೂಗುತ್ತಿತ್ತು.

"ಅಕ್ಕಾ—"

"ಮೆಲ್ಲಗೆ," ಎಂದಳು ಸೂರವ್ವ. "ಈಗ ಮಲಗಿದೆ."

ಅಂದಿನಿಂದ ಅಲುಗೂರಿನಲ್ಲಿ ಎಲ್ಲರೂ ಸುಖವಾಗಿ ಅಲುಗಾಡುತ್ತ, ಪಕ್ಕದ ಮನೆಯ ಸಾರು ಉಣ್ಣುತ್ತ ಬದುಕಿದರು.